ಪಿಸ್ಟನ್, ಕನೆಕ್ಟಿಂಗ್ ರಾಡ್ ಬಿಚ್ಚುವುದು ಮತ್ತು ಮರುಜೋಡಣೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಂಜಿನ್ ನೀಲಿ ಹೊಗೆ ಬಿಡುತ್ತಿದೆ, ಆಯಿಲ್ ಕುಡಿಯುತ್ತಿದೆ. ಪಿಸ್ಟನ್ ಬಿಚ್ಚಲೇಬೇಕೆ?

ಮೊದಲು ಹೊಗೆ ಯಾವಾಗ ಬರುತ್ತದೆ ಎಂದು ನೋಡಿ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದಿಷ್ಟು ಹೊಗೆ ಬಂದು ನಿಂತುಹೋದರೆ ತಪ್ಪು ಬಹುತೇಕ ವಾಲ್ವ್ ಸ್ಟೆಮ್ ಸೀಲ್‌ಗಳದ್ದು (ವಾಲ್ವ್ ಕಡ್ಡಿಯ ಸುತ್ತ ಆಯಿಲ್ ತಡೆಯುವ ಸೀಲ್). ಅದಕ್ಕೆ ಪಿಸ್ಟನ್ ಮುಟ್ಟುವ ಅಗತ್ಯವಿಲ್ಲ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಹೊಗೆ ಬರುತ್ತಿದ್ದರೆ, ಆಯಿಲ್ ಹಾಕುವ ಬಾಯಿಯಿಂದಲೂ ಹಬೆಯಂತೆ ಗಾಳಿ ನುಗ್ಗುತ್ತಿದ್ದರೆ ಪಿಸ್ಟನ್ ಸುತ್ತ ಕೂತು ಅನಿಲ, ಆಯಿಲ್ ತಡೆಯುವ ರಿಂಗ್ ಮೇಲೆ ಅನುಮಾನ ಪಡಬಹುದು.

ಪೆಟ್ರೋಲ್ ಎಂಜಿನ್ ಆದರೆ ಕಂಪ್ರೆಷನ್ ಪರೀಕ್ಷೆ ಮಾಡಿ. ಎಂಜಿನ್ ಬಿಸಿಯಿರಲಿ, ಎಲ್ಲ ಪ್ಲಗ್ ಬಿಚ್ಚಿರಲಿ, ಥ್ರಾಟಲ್ ಪೂರ್ತಿ ತೆರೆದಿರಲಿ, ಇಂಧನ ಮತ್ತು ಇಗ್ನಿಷನ್ ಎರಡರ ಸಂಪರ್ಕವೂ ಕಡಿದಿರಲಿ. ಒತ್ತಡ ಕಡಿಮೆ ಬಂದ ಸಿಲಿಂಡರಿಗೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೊಮ್ಮೆ ನೋಡಿ. ಒತ್ತಡ ಚೆನ್ನಾಗಿ ಏರಿದರೆ ಸೋರಿಕೆ ರಿಂಗ್ ಅಥವಾ ಬೋರ್‌ನಲ್ಲಿದೆ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ). ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್ ಕಡೆ ನೋಡಿ. ಒಂದು ಎಚ್ಚರಿಕೆ: ಕಂಪ್ರೆಷನ್ ಸರಿಯಿದ್ದರೂ ಆಯಿಲ್ ರಿಂಗ್ (ಆಯಿಲ್ ಕೆರೆಯುವ ಕೆಳಗಿನ ರಿಂಗ್) ಮಾತ್ರ ಕಿಟ್ಟ ಕಟ್ಟಿ ಹಿಡಿದುಕೊಂಡಿರಬಹುದು. ಆಗ ಗೇಜ್ ಎಲ್ಲವೂ ಸರಿ ಎನ್ನುತ್ತದೆ, ಆಯಿಲ್ ಮಾತ್ರ ಖಾಲಿಯಾಗುತ್ತಲೇ ಇರುತ್ತದೆ.

ಎಂಜಿನ್ ಇಳಿಸದೆ ಕಾರಿನಲ್ಲೇ ಇಟ್ಟು ಮಾಡಬಹುದೇ?

ಹೆಡ್ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಮೇಲಿಂದ ಮತ್ತು ಸಂಪ್ (ಆಯಿಲ್ ತೊಟ್ಟಿ) ಕೆಳಗಿಂದ ತೆಗೆಯಲು ಜಾಗವಿದ್ದರೆ ಮಾಡಬಹುದು. ಕೆಲವು ಕಾರುಗಳಲ್ಲಿ ಸಬ್‌ಫ್ರೇಮ್ ಇಳಿಸಿದರೆ ಮಾತ್ರ ಸಂಪ್ ಹೊರಬರುತ್ತದೆ. ಆದರೆ ಬೋರ್ ಕೊರೆಸಬೇಕಾಗಿ ಬಂದರೆ ಬ್ಲಾಕ್ ಹೇಗೂ ಹೊರಗೆ ಬರಲೇಬೇಕು. ಹಾಗಾಗಿ ಹೆಡ್ ತೆಗೆದ ಕೂಡಲೇ ಬೋರ್ ಅಳೆದು ನೋಡಿ, ಆಮೇಲೆ ನಿರ್ಧರಿಸಿ. ಕಾರಿನಡಿ ಮಲಗಿ ತಲೆಯ ಮೇಲೆ ಕ್ಯಾಪ್ (ರಾಡ್‌ನ ದೊಡ್ಡ ತುದಿಯ ಬಿಚ್ಚುವ ಅರ್ಧ) ಬಿಗಿಯುವಾಗ ಕಸ ಬೇರಿಂಗ್ ಮೇಲೆ ಬೀಳುವುದು ಸುಲಭ. ಸ್ಟ್ಯಾಂಡ್ ಇದ್ದವರು ಎಂಜಿನ್ ಇಳಿಸಿಯೇ ಮಾಡುವುದು ಒಳ್ಳೆಯದು.

ಬಿಚ್ಚುವ ಕ್ರಮ ಏನು?

ಬ್ಯಾಟರಿ, ಕೂಲೆಂಟ್, ಆಯಿಲ್, ಟೈಮಿಂಗ್ ಬೆಲ್ಟ್ ಅಥವಾ ಚೈನ್, ಹೆಡ್, ಸಂಪ್, ಆಯಿಲ್ ಸ್ಟ್ರೇನರ್ (ಆಯಿಲ್ ಹೀರುವ ಕೊಳವೆಯ ಜಾಲರಿ), ಬ್ಯಾಫಲ್ ಪ್ಲೇಟ್ (ಆಯಿಲ್ ತುಳುಕದಂತೆ ತಡೆಯುವ ತಗಡು), ಈ ಕ್ರಮದಲ್ಲಿ. ಕೂಲೆಂಟನ್ನು ಬ್ಲಾಕ್‌ನ ಡ್ರೇನ್ ಪ್ಲಗ್‌ನಿಂದಲೂ ಇಳಿಸಿ. ರೇಡಿಯೇಟರ್‌ನಿಂದ ಮಾತ್ರ ಇಳಿಸಿದರೆ ಹೆಡ್ ಎತ್ತುವಾಗ ಉಳಿದ ನೀರು ಬೋರ್‌ಗೆ, ಅಲ್ಲಿಂದ ಸಂಪ್‌ಗೆ ಹೋಗುತ್ತದೆ. ಹೆಡ್ ಬೋಲ್ಟ್‌ಗಳನ್ನು ಎಂಜಿನ್ ತಣ್ಣಗಾದ ಮೇಲೆ, ಹೊರಗಿನಿಂದ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಇಲ್ಲದಿದ್ದರೆ ಅಲ್ಯೂಮಿನಿಯಂ ಹೆಡ್ ಡೊಂಕಾಗುತ್ತದೆ.

ಬೋರ್‌ನ ಮೇಲ್ತುದಿಯಲ್ಲಿ ಏಣು ಕೈಗೆ ಸಿಗುತ್ತಿದೆ. ಹಾಗೇ ಪಿಸ್ಟನ್ ಹೊರತೆಗೆಯಬಹುದೇ?

ಬೇಡ. ಮೇಲಿನ ರಿಂಗ್ ಬೋರ್‌ನ ತುತ್ತತುದಿಯವರೆಗೆ ಹೋಗುವುದಿಲ್ಲ. ಅದು ಓಡಾಡುವ ಭಾಗ ಸವೆಯುತ್ತದೆ, ಮೇಲಿನ ಕೆಲವು ಮಿಲಿಮೀಟರ್ ಸವೆಯದೆ ಮೆಟ್ಟಿಲಿನಂತೆ ಉಳಿಯುತ್ತದೆ. ಪಿಸ್ಟನ್ನನ್ನು ಕೆಳಗಿಂದ ತಳ್ಳಿದಾಗ ರಿಂಗ್ ಆ ಏಣಿಗೆ ಸಿಕ್ಕಿಕೊಳ್ಳುತ್ತದೆ. ಜೋರಾಗಿ ಬಡಿದರೆ ಒಡೆಯುವುದು ರಿಂಗ್ ಮಾತ್ರವಲ್ಲ, ಪಿಸ್ಟನ್‌ನ ರಿಂಗ್ ಲ್ಯಾಂಡ್ (ರಿಂಗ್‌ಗಳ ನಡುವಿನ ದಂಡೆ) ಕೂಡ.

ಏಣು ಇಂಗಾಲದ್ದೋ ಲೋಹದ್ದೋ ಎಂದು ತಿಳಿಯಲು ಪಿಸ್ಟನ್ನನ್ನು ಕೆಳಗಿಳಿಸಿ, ಅದರ ಮೇಲೆ ಬಟ್ಟೆ ತುರುಕಿ, ಮೇಲ್ತುದಿಯನ್ನು ಕಾರ್ಬನ್ ಕ್ಲೀನರ್ ಹಚ್ಚಿ ಒರೆಸಿ. ಆಮೇಲೂ ಉಗುರು ತಡೆದರೆ ಅದು ಸವೆತದ ಏಣು. ರಿಡ್ಜ್ ರೀಮರ್‌ನಿಂದ ಅದನ್ನು ಬೋರ್‌ನ ಮಟ್ಟಕ್ಕೆ ತನ್ನಿ, ರಿಂಗ್ ಓಡಾಡುವ ಭಾಗಕ್ಕೆ ಬ್ಲೇಡ್ ಇಳಿಯದಂತೆ ನೋಡಿಕೊಳ್ಳಿ. ಹಳೆ ಪಿಸ್ಟನ್ ಹೇಗೋ ಹೊರಬಂತು ಎಂದು ಏಣನ್ನು ಉಳಿಸಿದರೆ ಹೊಸ ರಿಂಗಿನ ಚೂಪು ಅಂಚು ಅದಕ್ಕೆ ಬಡಿದು ಮುರಿಯುತ್ತದೆ. ಏಣು ದಪ್ಪವಿದೆ ಎಂದರೆ ಬೋರ್ ಅಷ್ಟು ಸವೆದಿದೆ ಎಂದೇ ಅರ್ಥ. ಅಂಥ ಬೋರ್‌ಗೆ ರೀಮರ್ ಹಿಡಿಯುವ ಮೊದಲು ಅಳತೆ ನೋಡಿ.

ರಾಡ್ ಮತ್ತು ಕ್ಯಾಪ್‌ಗಳಿಗೆ ಗುರುತು ಹಾಕಲೇಬೇಕೆ?

ಇಡೀ ಕೆಲಸದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ. ಬಿಚ್ಚಿದ ಪ್ರತಿಯೊಂದು ಭಾಗ ತನ್ನದೇ ಸಿಲಿಂಡರಿಗೆ, ತನ್ನದೇ ದಿಕ್ಕಿನಲ್ಲಿ ವಾಪಸ್ ಹೋಗಬೇಕು. ರಾಡ್‌ನ ದೊಡ್ಡ ತುದಿಯ ರಂಧ್ರವನ್ನು ಕಾರ್ಖಾನೆಯಲ್ಲಿ ಕ್ಯಾಪ್ ಬಿಗಿದು ಒಟ್ಟಿಗೆ ಕೊರೆದಿರುತ್ತಾರೆ. ಕ್ಯಾಪ್ ಅದಲುಬದಲಾದರೆ, ಅಥವಾ ಅದೇ ಕ್ಯಾಪ್ ತಿರುಗುಮುರುಗಾದರೆ, ರಂಧ್ರ ದುಂಡಗೆ ಉಳಿಯುವುದಿಲ್ಲ. ಬೇರಿಂಗ್ ಒಂದು ಕಡೆ ಒತ್ತಿ, ಇನ್ನೊಂದು ಕಡೆ ಸಡಿಲವಾಗಿ, ಬೇಗನೆ ಸುಡುತ್ತದೆ.

ಕ್ಯಾಪ್ ಸಡಿಲಿಸುವ ಮೊದಲೇ ರಾಡ್ ಮತ್ತು ಕ್ಯಾಪ್ ಎರಡರ ಮೇಲೂ, ಒಂದೇ ಬದಿಯಲ್ಲಿ, ಸಿಲಿಂಡರ್ ಸಂಖ್ಯೆ ಬರೆಯಿರಿ. ಒಂದನೆಯ ಸಿಲಿಂಡರ್ ಸಾಮಾನ್ಯವಾಗಿ ಟೈಮಿಂಗ್ ಬೆಲ್ಟ್ ಅಥವಾ ಚೈನ್ ಇರುವ ಕಡೆಯದು, ಆದರೂ ಮ್ಯಾನುಯಲ್ ನೋಡಿಕೊಳ್ಳಿ. ಈಗಿನ ಹಲವು ಎಂಜಿನ್‌ಗಳಲ್ಲಿ ರಾಡ್‌ಗಳನ್ನು ಗರಗಸದಲ್ಲಿ ಕತ್ತರಿಸದೆ ಸೀಳಿ ಬೇರ್ಪಡಿಸಿರುತ್ತಾರೆ. ಕೂಡುವ ಮುಖ ಮುರಿದ ಕಲ್ಲಿನ ಹಾಗೆ ಒರಟಾಗಿರುತ್ತದೆ. ಇಂಥವಕ್ಕೆ ಪಂಚ್ ಹೊಡೆಯಬೇಡಿ, ಪೇಂಟ್ ಪೆನ್ ಸಾಕು. ಆ ಒರಟು ಮುಖವನ್ನು ಉಜ್ಜುವುದಾಗಲಿ, ಕ್ಯಾಪನ್ನು ಅದರ ಮೇಲೆ ನಿಲ್ಲಿಸುವುದಾಗಲಿ ಕೂಡದು. ಒಂದು ಚೂರು ಉದುರಿದರೂ ಎರಡು ಭಾಗ ಸರಿಯಾಗಿ ಕೂರುವುದಿಲ್ಲ.

ಬಿಚ್ಚುವ ಮೊದಲೇ ರಾಡ್ ಮತ್ತು ಕ್ರ್ಯಾಂಕ್ ವೆಬ್ (ರಾಡ್ ಕೂರುವ ಜಾಗದ ಪಕ್ಕದ ಗೋಡೆ) ನಡುವಿನ ಪಕ್ಕದ ಸಂದನ್ನೂ ಫೀಲರ್ ಗೇಜ್‌ನಿಂದ ಅಳೆದು ಬರೆದಿಡಿ. ಹಲವು ಕಾರುಗಳಲ್ಲಿ ಇದು 0.10ರಿಂದ 0.35 ಮಿ.ಮೀ. ನಡುವೆ ಇರುತ್ತದೆ.

ಪಿಸ್ಟನ್ ಹೊರತೆಗೆಯುವಾಗ ಕ್ರ್ಯಾಂಕ್‌ಗೆ ಗೀರು ಬೀಳದಂತೆ ಏನು ಮಾಡಬೇಕು?

ಬಿಚ್ಚುವ ಸಿಲಿಂಡರಿನ ಪಿಸ್ಟನ್ನನ್ನು ಕ್ರ್ಯಾಂಕ್ ತಿರುಗಿಸಿ ತೀರಾ ಕೆಳಗೆ ತನ್ನಿ. ನಾಲ್ಕು ಸಿಲಿಂಡರ್‌ಗಳ ನೇರ ಎಂಜಿನ್‌ನಲ್ಲಿ 1 ಮತ್ತು 4 ಒಟ್ಟಿಗೆ, 2 ಮತ್ತು 3 ಒಟ್ಟಿಗೆ ಕೆಳಗೆ ಬರುತ್ತವೆ. ನಟ್ ಅಥವಾ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪ ಸಡಿಲಿಸಿ. ಕ್ಯಾಪ್ ಅಂಟಿಕೊಂಡಿದ್ದರೆ ಪ್ಲಾಸ್ಟಿಕ್ ಸುತ್ತಿಗೆಯಿಂದ ಮೆಲ್ಲನೆ ತಟ್ಟಿ, ಸಂದಿಗೆ ಸ್ಕ್ರೂಡ್ರೈವರ್ ತೂರಿಸಬೇಡಿ. ರಾಡ್‌ನಲ್ಲೇ ನಿಂತಿರುವ ಬೋಲ್ಟ್‌ಗಳಿಗೆ ಹಳೇ ರಬ್ಬರ್ ಪೈಪಿನ ತುಂಡು ಹಾಕಿ. ಬೆತ್ತಲೆ ಥ್ರೆಡ್ ಜರ್ನಲ್‌ಗೆ (ಕ್ರ್ಯಾಂಕ್‌ನಲ್ಲಿ ರಾಡ್ ಕೂರುವ ನುಣುಪಾದ ಭಾಗ) ತಾಗಿದರೆ ಬೀಳುವ ಸಣ್ಣ ಗೀರೇ ಹೊಸ ಬೇರಿಂಗನ್ನು ಕೆರೆಯಲು ಸಾಕು.

ಸುತ್ತಿಗೆಯ ಮರದ ಹಿಡಿಯಿಂದ ರಾಡನ್ನು ಮೇಲಕ್ಕೆ ತಳ್ಳಿ, ಇನ್ನೊಬ್ಬರು ಮೇಲೆ ಪಿಸ್ಟನ್ ಹಿಡಿದುಕೊಳ್ಳಲಿ. ಪಿಸ್ಟನ್ ಕೆಳಗೆ ಆಯಿಲ್ ಚಿಮ್ಮಿಸುವ ಜೆಟ್ ಇರುವ ಎಂಜಿನ್‌ಗಳಲ್ಲಿ ರಾಡ್ ಜೆಟ್‌ಗೆ ತಾಗದಿರಲಿ. ಬಾಗಿದ ಜೆಟ್ ಕಣ್ಣಿಗೆ ಕಾಣಿಸದಿದ್ದರೂ ಆಯಿಲ್ ಬೇರೆಲ್ಲೋ ಬಿದ್ದು ಪಿಸ್ಟನ್ ಅತಿಯಾಗಿ ಬಿಸಿಯಾಗುತ್ತದೆ. ಹೊರಬಂದ ಕೂಡಲೇ ಕ್ಯಾಪ್, ಬೇರಿಂಗ್‌ಗಳನ್ನು ಅದೇ ರಾಡ್‌ಗೆ ಕೈಯಿಂದ ತಿರುಗಿಸಿ ಕೂರಿಸಿಡಿ.

ಬರೀ ರಿಂಗ್ ಬದಲಿಸಿದರೆ ಸಾಲದೇ? ಬೋರ್ ಯಾವಾಗ ಕೊರೆಸಬೇಕು?

ಇದಕ್ಕೆ ಉತ್ತರ ಕೊಡಬೇಕಾದ್ದು ಬೋರ್ ಗೇಜ್. ಬೋರ್‌ನ ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಆಳಗಳಲ್ಲಿ, ಪ್ರತಿ ಆಳದಲ್ಲೂ ಎರಡು ದಿಕ್ಕಿಗೆ ಅಳೆಯಿರಿ: ಒಂದು ಕ್ರ್ಯಾಂಕ್‌ನ ಉದ್ದಕ್ಕೆ, ಇನ್ನೊಂದು ಅದಕ್ಕೆ ಅಡ್ಡವಾಗಿ. ಒಂದೇ ಆಳದ ಎರಡು ಅಳತೆಗಳ ವ್ಯತ್ಯಾಸ ದುಂಡಗಿನ ದೋಷ, ಮೇಲಿನ ಮತ್ತು ಕೆಳಗಿನ ಅಳತೆಯ ವ್ಯತ್ಯಾಸ ಟೇಪರ್. ಮಿತಿಯನ್ನು ಮ್ಯಾನುಯಲ್ ಹೇಳುತ್ತದೆ, ಬಹಳ ಎಂಜಿನ್‌ಗಳಲ್ಲಿ ಟೇಪರ್ ಮಿತಿ 0.05ರಿಂದ 0.10 ಮಿ.ಮೀ. ಆಸುಪಾಸು.

ಕೂದಲೆಳೆಯಷ್ಟು ಟೇಪರ್‌ನಿಂದ ಏನಾದೀತು ಎನ್ನುವವರು ಈ ಲೆಕ್ಕ ನೋಡಿ. ವ್ಯಾಸ 0.10 ಮಿ.ಮೀ. ಹೆಚ್ಚಿದರೆ ಸುತ್ತಳತೆ 0.31 ಮಿ.ಮೀ. ಹೆಚ್ಚುತ್ತದೆ, ರಿಂಗ್ ಗ್ಯಾಪ್ (ರಿಂಗಿನ ಎರಡು ತುದಿಗಳ ನಡುವಿನ ಸಂದು) ಕೂಡ ಅಷ್ಟೇ ಅಗಲವಾಗುತ್ತದೆ. ಅಂದರೆ ಕೆಳಗೆ 0.30 ಇದ್ದ ಗ್ಯಾಪ್ ಮೇಲೆ 0.60 ದಾಟುತ್ತದೆ. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನ್‌ನಲ್ಲಿ ಆ ರಿಂಗ್ ಸೆಕೆಂಡಿಗೆ 50 ಬಾರಿ ಹಿಗ್ಗಿ ಕುಗ್ಗಬೇಕು. ಸವೆದ ಬೋರ್‌ಗೆ ಹೊಸ ರಿಂಗ್ ಹಾಕಿದ ಎಂಜಿನ್ ಕೆಲವು ತಿಂಗಳಲ್ಲೇ ಮತ್ತೆ ಹೊಗೆ ಬಿಡುವುದು ಇದೇ ಕಾರಣಕ್ಕೆ. ಮಿತಿ ಮೀರಿದ್ದರೆ ಕೊರೆಸಿ ಓವರ್‌ಸೈಜ್ ಪಿಸ್ಟನ್ ಹಾಕಬೇಕು, ಸಾಮಾನ್ಯವಾಗಿ 0.25, 0.50, 0.75 ಅಥವಾ 1.00 ಮಿ.ಮೀ. ಹೆಚ್ಚಿನವು. ನಿಮ್ಮ ಎಂಜಿನ್‌ಗೆ ಇವೆಲ್ಲವೂ ಸಿಗದಿರಬಹುದು. ಪಿಸ್ಟನ್ ಕೈಗೆ ಬಂದ ಮೇಲೆ, ಅದನ್ನು ಅಳೆದೇ ಬೋರ್ ಕೊರೆಸಬೇಕು.

ಹೋನಿಂಗ್ (ಬೋರನ್ನು ಸಾಣೆಕಲ್ಲಿನಿಂದ ಉಜ್ಜುವುದು) ಮಾಡಿದ ಮೇಲೆ ಬೋರನ್ನು ಪೆಟ್ರೋಲ್‌ನಿಂದ ತೊಳೆದರೆ ಸಾಕೇ?

ಸಾಲದು. ಪೆಟ್ರೋಲ್, ಸೀಮೆಎಣ್ಣೆ ಜಿಡ್ಡನ್ನು ತೆಗೆಯುತ್ತವೆ, ಹೋನಿಂಗ್ ಕಲ್ಲಿನ ಪುಡಿ ಮಾತ್ರ ಗೀರುಗಳೊಳಗೆ ಕೂತೇ ಇರುತ್ತದೆ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಗಟ್ಟಿ ಬ್ರಷ್ ಹಿಡಿದು ಉಜ್ಜಿ. ಒಣಗಿಸಿ, ಎಂಜಿನ್ ಆಯಿಲ್ ಹಚ್ಚಿದ ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆಗೆ ಬೂದು ಬಣ್ಣ ಹತ್ತಿದರೆ ಮತ್ತೆ ತೊಳೆಯಿರಿ, ಬಿಳಿಯಾಗಿಯೇ ಬರುವವರೆಗೆ. ಕಬ್ಬಿಣದ ಬೋರ್ ನೀರು ತಾಗಿದ ಕೆಲವೇ ನಿಮಿಷಗಳಲ್ಲಿ ತುಕ್ಕಿನ ಬಣ್ಣಕ್ಕೆ ತಿರುಗುತ್ತದೆ, ಒಣಗಿದ ತಕ್ಷಣ ಆಯಿಲ್ ಸವರಿ.

ಹೀಗೆ ತೊಳೆಯಬೇಕಾದ್ದರಿಂದ ಕ್ರ್ಯಾಂಕ್ ಎಂಜಿನ್‌ನಲ್ಲೇ ಇಟ್ಟುಕೊಂಡು ಹೋನಿಂಗ್ ಮಾಡುವುದನ್ನು ನಾವು ಒಪ್ಪುವುದಿಲ್ಲ. ಬಟ್ಟೆ ಎಷ್ಟೇ ಮುಚ್ಚಿದರೂ ಪುಡಿ ಆಯಿಲ್ ರಂಧ್ರಗಳಿಗೆ ಇಳಿಯುತ್ತದೆ. ನಿಕಾಸಿಲ್ (ನಿಕಲ್ ಮತ್ತು ಸಿಲಿಕಾನ್ ಕಾರ್ಬೈಡ್) ಲೇಪನದ ಅಥವಾ ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಬೋರ್‌ಗಳಿಗೆ ಮಾಮೂಲಿ ಹೋನಿಂಗ್ ಕಲ್ಲು ಹಾಕಲೇಬಾರದು.

ಹಳೇ ಪಿಸ್ಟನ್ ಮತ್ತೆ ಬಳಸಬಹುದೇ?

ಸ್ಕರ್ಟ್‌ನಲ್ಲಿ (ಪಿಸ್ಟನ್‌ನ ಕೆಳಗಿನ ಗೋಡೆ) ಆಳವಾದ ಗೀರು, ಪಿಸ್ಟನ್ನನ್ನು ರಾಡ್‌ಗೆ ಜೋಡಿಸುವ ಪಿನ್ ಹತ್ತಿರ ಬಿರುಕು, ರಿಂಗ್ ಲ್ಯಾಂಡ್‌ನಲ್ಲಿ ಮುರುಕು ಇಲ್ಲದಿದ್ದರೆ, ಅಳತೆಯೂ ಸರಿಯಿದ್ದರೆ ಬಳಸಬಹುದು. ಪಿಸ್ಟನ್ ವ್ಯಾಸವನ್ನು ಪಿನ್‌ಗೆ ಅಡ್ಡವಾಗಿ, ಸ್ಕರ್ಟ್‌ನ ಮೇಲೆ ಮ್ಯಾನುಯಲ್ ಹೇಳಿದ ಎತ್ತರದಲ್ಲೇ ಅಳೆಯಬೇಕು. ಪಿಸ್ಟನ್ ನೇರ ಕೊಳವೆಯಲ್ಲ, ಪೂರ್ತಿ ದುಂಡಗೂ ಅಲ್ಲ, ಬೇರೆ ಜಾಗದಲ್ಲಿ ಅಳೆದರೆ ಬೇರೆಯೇ ಅಂಕಿ ಬರುತ್ತದೆ.

ರಿಂಗ್ ಕೂರುವ ಗ್ರೂವ್‌ಗಳ ಕಿಟ್ಟವನ್ನು ಗ್ರೂವ್ ಕ್ಲೀನರ್‌ನಿಂದ ಅಥವಾ ಮುರಿದ ಹಳೇ ರಿಂಗಿನ ತುಂಡಿನಿಂದ ಕೆರೆಯಿರಿ. ಅಲ್ಯೂಮಿನಿಯಂ ಸಿಪ್ಪೆ ಬರುತ್ತಿದ್ದರೆ ನಿಲ್ಲಿಸಿ. ವೈರ್ ಬ್ರಷ್ ಬೇಡವೇ ಬೇಡ. ಆಯಿಲ್ ರಿಂಗ್ ಗ್ರೂವ್‌ನ ಹಿಂದಿನ ಸಣ್ಣ ತೂತುಗಳು ತೆರೆದಿರಲೇಬೇಕು, ಕೆರೆದು ತಂದ ಆಯಿಲ್ ವಾಪಸ್ ಇಳಿಯುವ ದಾರಿ ಅದೊಂದೇ. ಆಮೇಲೆ ಹೊಸ ರಿಂಗನ್ನು ಗ್ರೂವ್‌ನಲ್ಲಿಟ್ಟು ಪಕ್ಕದ ಸಂದು ನೋಡಿ. 0.03ರಿಂದ 0.07 ಮಿ.ಮೀ. ಹೊಸ ಸ್ಥಿತಿ. 0.15ರ ಹತ್ತಿರ ಹೋಗಿದ್ದರೆ ಪಿಸ್ಟನ್ ಬದಲಿಸಿ, ರಿಂಗ್ ಅಲ್ಲಾಡಿ ಆಯಿಲ್ ಮೇಲಕ್ಕೆ ತಳ್ಳುತ್ತದೆ.

ಪಿನ್ ತೆಗೆಯುವುದು ಹೇಗೆ?

ಎರಡೂ ಬದಿ ಸರ್ಕ್ಲಿಪ್ (ಪಿನ್ ಜಾರದಂತೆ ತಡೆಯುವ ತಂತಿಯ ಬಳೆ) ಇದ್ದರೆ ತೆಗೆದು ಕೈಯಿಂದಲೇ ತಳ್ಳಬಹುದು. ಬಿಗಿಯಿದ್ದರೆ ಪಿಸ್ಟನ್ನನ್ನು 60ರಿಂದ 80 ಡಿಗ್ರಿ ಬಿಸಿನೀರಿನಲ್ಲಿ ಇಡಿ. ಕಣ್ಣಿಗೆ ಕನ್ನಡಕವಿರಲಿ. ಸರ್ಕ್ಲಿಪ್‌ಗಳನ್ನು ಯಾವತ್ತೂ ಮರುಬಳಕೆ ಮಾಡಬೇಡಿ, ಹೊಸದರ ಬಾಯಿ ಪಿಸ್ಟನ್‌ನ ಮೇಲ್ಗಡೆಗೆ ಅಥವಾ ಕೆಳಗಡೆಗೆ ಇರಲಿ. ಸರ್ಕ್ಲಿಪ್ ಕಳಚಿದರೆ ಪಿನ್ ಪಕ್ಕಕ್ಕೆ ಸರಿದು ಬೋರ್‌ನಲ್ಲಿ ಕಾಲುವೆ ಕೊರೆಯುತ್ತದೆ. ಸರ್ಕ್ಲಿಪ್ ಇಲ್ಲದಿದ್ದರೆ ಪಿನ್ ರಾಡ್‌ನಲ್ಲಿ ಬಿಗಿಯಾಗಿ ಕೂತಿದೆ ಎಂದರ್ಥ, ಅದಕ್ಕೆ ಪ್ರೆಸ್ ಮತ್ತು ಸರಿಯಾದ ಆಧಾರದ ಅಚ್ಚು ಬೇಕು. ಆ ಕೆಲಸವನ್ನು ಮೆಷಿನ್ ಶಾಪ್‌ಗೆ ಕೊಡಿ, ಬಡಿದರೆ ಪಿಸ್ಟನ್ ಸೊಟ್ಟಗಾಗುತ್ತದೆ. ಅಲ್ಲೇ ರಾಡ್‌ಗಳ ಬಾಗು ಮತ್ತು ತಿರುಚಿನ ಪರೀಕ್ಷೆಯನ್ನೂ ಮಾಡಿಸಿ, ಎಂಜಿನ್ ಒಮ್ಮೆಯಾದರೂ ನೀರು ಎಳೆದುಕೊಂಡಿದ್ದರೆ ಕಡ್ಡಾಯವಾಗಿ.

ರಿಂಗ್ ಗ್ಯಾಪ್ ಎಷ್ಟಿರಬೇಕು, ಹೇಗೆ ನೋಡುವುದು?

ರಿಂಗನ್ನು ಅದು ಹೋಗಬೇಕಾದ ಬೋರ್‌ನಲ್ಲೇ ಇಟ್ಟು, ರಿಂಗಿಲ್ಲದ ಪಿಸ್ಟನ್ನನ್ನು ತಲೆಕೆಳಗು ಮಾಡಿ ಒತ್ತಿ ಸಮನಾಗಿ ಇಳಿಸಿ. ರಿಂಗ್ ಓರೆಯಾದರೆ ಅಳತೆ ಸುಳ್ಳಾಗುತ್ತದೆ. ಹೊಸದಾಗಿ ಕೊರೆದ ಬೋರ್‌ನಲ್ಲಿ ಎಲ್ಲಾದರೂ ಅಳೆಯಬಹುದು. ಹಳೇ ಬೋರ್‌ನಲ್ಲಿ ರಿಂಗ್ ಓಡಾಡುವ ಭಾಗದ ಕೆಳತುದಿಯಲ್ಲಿ ಅಳೆಯಿರಿ, ಅತಿ ಕಿರಿದಾದ ಜಾಗ ಅದು. ಮ್ಯಾನುಯಲ್ ಸಿಗದಿದ್ದರೆ ಟರ್ಬೊ ಇಲ್ಲದ ಮಾಮೂಲಿ ಎಂಜಿನ್‌ನ ಮೇಲಿನ ರಿಂಗಿಗೆ ಬೋರ್‌ನ ಪ್ರತಿ 25 ಮಿ.ಮೀ.ಗೆ 0.10 ಮಿ.ಮೀ. ಎಂಬುದು ಹಳೆಯ ಅಂದಾಜು: 75 ಮಿ.ಮೀ. ಬೋರ್‌ಗೆ 0.30.

ಗ್ಯಾಪ್ ತುಸು ಹೆಚ್ಚಿದ್ದರೆ ಸ್ವಲ್ಪ ಸೋರಿಕೆಯಾಗುತ್ತದೆ, ಅಷ್ಟೇ. ಕಡಿಮೆಯಿದ್ದರೆ ಬಿಸಿಗೆ ಹಿಗ್ಗಿದ ರಿಂಗಿನ ತುದಿಗಳು ಒಂದಕ್ಕೊಂದು ಒತ್ತಿ, ರಿಂಗ್ ಬೋರನ್ನು ಕೆರೆದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಉಜ್ಜಬೇಕಾದರೆ ಹೊರಮುಖದಿಂದ ಒಳಕ್ಕೆ, ಒಂದೇ ದಿಕ್ಕಿಗೆ ಉಜ್ಜಿ, ತಿರುಗಿ ಎಳೆದರೆ ಲೇಪನ ಚಕ್ಕೆಯೇಳುತ್ತದೆ. ಅಳೆದ ರಿಂಗ್‌ಗಳನ್ನು ಸಿಲಿಂಡರ್‌ವಾರು ಬೇರೆ ಬೇರೆ ಇಡಿ.

ರಿಂಗ್ ಕೂರಿಸುವಾಗ ಯಾವ ಮುಖ ಮೇಲೆ?

ಚುಕ್ಕಿ, 'ಟಾಪ್' ಎಂಬ ಬರಹ ಅಥವಾ ಒಂದು ಅಕ್ಷರ ಇರುವ ಮುಖ ಮೇಲಕ್ಕೆ. ಎರಡನೆಯ ರಿಂಗ್‌ನಲ್ಲಿ ಇದು ತಪ್ಪಿದರೆ ಫಲ ತಕ್ಷಣ ಕಾಣುತ್ತದೆ. ಅದರ ಹೊರಮುಖ ಕೆಳಕ್ಕೆ ಚೂಪಾಗಿ ಆಯಿಲ್ ಕೆಳಗೆ ಕೆರೆಯುವಂತಿರುತ್ತದೆ, ತಿರುಗಿಸಿ ಹಾಕಿದರೆ ಅದೇ ಆಯಿಲನ್ನು ಮೇಲಕ್ಕೆ ಕೆರೆದು ಉರಿಸುತ್ತದೆ.

ಮೊದಲು ಆಯಿಲ್ ರಿಂಗಿನ ಎಕ್ಸ್‌ಪ್ಯಾಂಡರ್ (ನಡುವಿನ ಸ್ಪ್ರಿಂಗ್). ಅದರ ಎರಡು ತುದಿ ಎದುರುಬದುರು ತಾಗಬೇಕು, ಒಂದರ ಮೇಲೊಂದು ಏರಬಾರದು. ಅದರ ಮೇಲೂ ಕೆಳಗೂ ತೆಳು ರೈಲ್‌ಗಳನ್ನು ಕೈಯಿಂದ ಸುತ್ತಿ ಕೂರಿಸಿ. ಆಮೇಲೆ ಎರಡನೆಯದು, ಕೊನೆಗೆ ಮೇಲಿನದು, ಇವೆರಡನ್ನೂ ರಿಂಗ್ ಎಕ್ಸ್‌ಪ್ಯಾಂಡರ್ ಇಕ್ಕಳದಿಂದ ಬೇಕಾದಷ್ಟೇ ಅಗಲಿಸಿ. ಬಾಯಿಗಳು ಒಂದೇ ಸಾಲಿಗೆ ಬರದಂತೆ, ಸುಮಾರು 120 ಡಿಗ್ರಿ ಅಂತರಕ್ಕೆ ತಿರುಗಿಸಿಡಿ. ಮ್ಯಾನುಯಲ್‌ನಲ್ಲಿ ಚಿತ್ರವಿದ್ದರೆ ಅದರಂತೆ.

ಬೇರಿಂಗ್ ಕ್ಲಿಯರೆನ್ಸ್ (ಬೇರಿಂಗ್ ಮತ್ತು ಜರ್ನಲ್ ನಡುವಿನ ಸಂದು) ನೋಡುವುದು ಹೇಗೆ?

ಮೊದಲು ಹಳೇ ಬೇರಿಂಗ್‌ಗಳನ್ನು ಬೆಳಕಿಗೆ ಹಿಡಿದು ನೋಡಿ. ಸುತ್ತಲೂ ಗೀರಿದ್ದರೆ ಆಯಿಲ್‌ನಲ್ಲಿ ಕಸವಿತ್ತು. ತಾಮ್ರದ ಬಣ್ಣ ಕಂಡರೆ ಮೇಲ್ಪದರ ಸವೆದುಹೋಗಿದೆ. ಮೇಲಿನ ಬೇರಿಂಗ್ ಒಂದು ಅಂಚಿನಲ್ಲಿ, ಕ್ಯಾಪ್‌ನದ್ದು ಎದುರು ಅಂಚಿನಲ್ಲಿ ಸವೆದಿದ್ದರೆ ರಾಡ್ ಬಾಗಿದೆ.

ಹೊಸ ಬೇರಿಂಗ್ ಕೂರುವ ಜಾಗ ಮತ್ತು ಬೇರಿಂಗ್‌ನ ಬೆನ್ನು ಎರಡೂ ಒಣಗಿರಬೇಕು, ಅಲ್ಲಿ ಆಯಿಲ್ ಬೇಡ. ಜರ್ನಲ್ ಒರೆಸಿ, ಅದರ ಉದ್ದಕ್ಕೆ ಪ್ಲಾಸ್ಟಿಗೇಜ್ (ಒತ್ತಿದರೆ ಚಪ್ಪಟೆಯಾಗುವ ಮೆದು ಪ್ಲಾಸ್ಟಿಕ್) ಎಳೆ ಇಟ್ಟು, ಕ್ಯಾಪ್ ಹಾಕಿ ಪೂರ್ತಿ ಟಾರ್ಕ್‌ಗೆ ಬಿಗಿಯಿರಿ. ಕ್ರ್ಯಾಂಕ್ ಒಂದಿಷ್ಟೂ ಅಲುಗಬಾರದು. ಬಿಚ್ಚಿ, ಚಪ್ಪಟೆಯಾದ ಎಳೆಯ ಅಗಲವನ್ನು ಪೊಟ್ಟಣದ ಅಳತೆಪಟ್ಟಿಯೊಂದಿಗೆ ಹೋಲಿಸಿ. ಅಗಲವಾದಷ್ಟೂ ಸಂದು ಕಡಿಮೆ. 0.02ರಿಂದ 0.05 ಮಿ.ಮೀ. ಬಹಳ ಕಾರುಗಳ ವ್ಯಾಪ್ತಿ. ಎಳೆ ಒಂದು ತುದಿಯಲ್ಲಿ ಅಗಲ, ಇನ್ನೊಂದರಲ್ಲಿ ಸಪೂರವಾಗಿದ್ದರೆ ಜರ್ನಲ್ ಟೇಪರ್ ಆಗಿದೆ. ಸಂದು ಕಡಿಮೆ ಮಾಡಲು ಕ್ಯಾಪ್ ಉಜ್ಜುವುದು, ಬೇರಿಂಗ್ ಹಿಂದೆ ಕಾಗದ ಇಡುವುದು ಎಂಜಿನ್ ಕೆಡಿಸುವ ಕೆಲಸ. ಜರ್ನಲ್ ಗ್ರೈಂಡ್ ಮಾಡಿಸಿ ಅಂಡರ್‌ಸೈಜ್ ಬೇರಿಂಗ್ ಹಾಕಿ.

ರಾಡ್ ಬೋಲ್ಟ್ ಹೊಸದೇ ಬೇಕೆ?

ಟಾರ್ಕ್ ಜೊತೆಗೆ ಕೋನವನ್ನೂ ಹೇಳಿದ್ದರೆ, ಉದಾಹರಣೆಗೆ ಇಷ್ಟು ನ್ಯೂಟನ್ ಮೀಟರ್ ಮೇಲೆ 90 ಡಿಗ್ರಿ ಎಂದಿದ್ದರೆ, ಆ ಬೋಲ್ಟ್‌ಗಳು ಸಾಮಾನ್ಯವಾಗಿ ಬಿಗಿಯುವಾಗ ಎಳೆದುಕೊಳ್ಳುವಂಥವು. ಹೊಸದೇ ಹಾಕಿ. ಪ್ಲಾಸ್ಟಿಗೇಜ್ ಪರೀಕ್ಷೆಗೆ ಹಳೇ ಬೋಲ್ಟ್ ಬಳಸಿ, ಹೊಸದನ್ನು ಕೊನೆಯ ಬಿಗಿತಕ್ಕೆ ಉಳಿಸಿ. ಟಾರ್ಕ್ ಅಂಕಿಯನ್ನು ನಿಮ್ಮ ಎಂಜಿನ್‌ನ ಮ್ಯಾನುಯಲ್‌ನಿಂದಲೇ ತೆಗೆದುಕೊಳ್ಳಿ. ಥ್ರೆಡ್‌ಗೆ ಆಯಿಲ್ ಹಚ್ಚಬೇಕೋ ಬೇಡವೋ ಎಂಬುದನ್ನೂ ಅಲ್ಲೇ ನೋಡಿ, ಆಯಿಲ್ ಹಚ್ಚಿದ ಬೋಲ್ಟ್ ಅದೇ ಟಾರ್ಕ್‌ಗೆ ಹೆಚ್ಚು ಬಿಗಿಯಾಗುತ್ತದೆ.

ಪಿಸ್ಟನ್ ಒಳಗೆ ಇಳಿಸುವ ಸರಿಯಾದ ವಿಧಾನ ಯಾವುದು?

ಪಿಸ್ಟನ್ ತಲೆಯ ಬಾಣ ಅಥವಾ ಕಚ್ಚು ಎಂಜಿನ್‌ನ ಮುಂಭಾಗಕ್ಕೆ ಇರಲಿ. ವಾಲ್ವ್‌ಗೆಂದು ಮಾಡಿದ ಗುಂಡಿಗಳು ಸರಿಯಾದ ಕಡೆ ಬರಬೇಕು, ಹಲವು ಪಿಸ್ಟನ್‌ಗಳಲ್ಲಿ ಪಿನ್ ಕೂಡ ನಡುವಿನಿಂದ ತುಸು ಪಕ್ಕಕ್ಕಿರುತ್ತದೆ. ತಿರುಗಿದರೆ ಬಡಿತದ ಸದ್ದು, ಕೆಟ್ಟರೆ ವಾಲ್ವ್ ಮುರಿತ. ರಾಡ್‌ನ ಗುರುತೂ ಬಿಚ್ಚುವಾಗ ಇದ್ದ ಕಡೆಗೇ ಇರಬೇಕು.

ಬೋರ್, ರಿಂಗ್, ಸ್ಕರ್ಟ್, ಪಿನ್, ಬೇರಿಂಗ್ ಮುಖಕ್ಕೆ ಎಂಜಿನ್ ಆಯಿಲ್ ಹಚ್ಚಿ. ಜರ್ನಲ್ ಕೆಳಗಿರಲಿ, ಬೋಲ್ಟ್‌ಗಳಿಗೆ ರಬ್ಬರ್ ಪೈಪ್ ಇರಲಿ. ರಿಂಗ್ ಕಂಪ್ರೆಸರ್ (ರಿಂಗ್‌ಗಳನ್ನು ಒತ್ತಿ ಹಿಡಿಯುವ ಲೋಹದ ಪಟ್ಟಿ) ಬಿಗಿದು, ಸ್ಕರ್ಟ್‌ನ ಕೆಳಭಾಗ ಬೋರ್‌ಗೆ ಇಳಿದ ಮೇಲೆ ಪಟ್ಟಿಯ ಅಂಚನ್ನು ಸುತ್ತಲೂ ತಟ್ಟಿ ಬ್ಲಾಕ್‌ಗೆ ಪೂರ್ತಿ ಒತ್ತಿಸಿ. ಅಲ್ಲಿ ಸಂದು ಉಳಿದರೆ ಮೊದಲು ಹೊರಗೆ ಹಾರುವುದು ಆಯಿಲ್ ರಿಂಗಿನ ತೆಳು ರೈಲ್. ಮರದ ಹಿಡಿಯಿಂದ ಮೆಲ್ಲನೆ, ಒಂದೇ ಸಮನೆ ತಟ್ಟುತ್ತಾ ಇಳಿಸಿ. ಕೆಳಗಿನಿಂದ ಒಬ್ಬರು ರಾಡನ್ನು ಜರ್ನಲ್ ಕಡೆಗೆ ನಡೆಸಲಿ.

ತಟ್ಟುತ್ತಿದ್ದಾಗ ಪಿಸ್ಟನ್ ಥಟ್ಟನೆ ನಿಂತರೆ, ತಟ್ಟಿದ ಸದ್ದು ಬದಲಾದರೆ, ಇನ್ನೊಂದು ಪೆಟ್ಟೂ ಹಾಕಬೇಡಿ. ರಿಂಗ್ ಹೊರಗೆ ಚಾಚಿ ಬ್ಲಾಕ್‌ನ ಮೇಲೆ ಕೂತಿದೆ, ಅಥವಾ ರಾಡ್ ಕ್ರ್ಯಾಂಕ್‌ಗೆ ತಾಗಿದೆ. ಪಿಸ್ಟನ್ ಹೊರತೆಗೆದು, ರಿಂಗ್ ನೋಡಿ, ಮತ್ತೆ ಶುರು ಮಾಡಿ.

ಜೋಡಿಸಿದ ಮೇಲೆ ಕ್ರ್ಯಾಂಕ್ ಬಿಗಿಯಾಗಿ ತಿರುಗುತ್ತಿದೆ. ಸಹಜವೇ?

ಹೊಸ ರಿಂಗ್‌ಗಳಿಂದ ಬರುವ ಒಂದೇ ಸಮನಾದ ಎಳೆತ ಸಹಜ. ಒಂದು ಜಾಗದಲ್ಲಿ ಸಿಕ್ಕಿಕೊಳ್ಳುವುದು ಅಥವಾ ತಿರುಗದೇ ಇರುವುದು ಸಹಜವಲ್ಲ. ಪ್ರತಿ ಪಿಸ್ಟನ್ ಕೂರಿಸಿದ ಮೇಲೂ ಕ್ರ್ಯಾಂಕನ್ನು ಎರಡು ಸುತ್ತು ತಿರುಗಿಸಿ ನೋಡಿದರೆ ತಪ್ಪು ಯಾವ ಸಿಲಿಂಡರಿನದ್ದೆಂದು ಆಗಲೇ ಗೊತ್ತಾಗುತ್ತದೆ. ಕ್ಯಾಪ್ ತಿರುಗುಮುರುಗು, ಬೇರಿಂಗ್ ಹಿಂದೆ ಕಸ, ತಪ್ಪು ಅಳತೆಯ ಬೇರಿಂಗ್, ಮುರಿದ ರಿಂಗ್, ಈ ನಾಲ್ಕನ್ನು ಮೊದಲು ಹುಡುಕಿ. ಸ್ಟಾರ್ಟ್ ಆದ ಮೇಲೆ ಸಡಿಲವಾದೀತು ಎಂದು ಮುಂದೆ ಹೋಗಬೇಡಿ.

ಡೀಸೆಲ್ ಎಂಜಿನ್‌ನಲ್ಲಿ ಬೇರೆ ಏನಿದೆ?

ಪಿಸ್ಟನ್ ತೀರಾ ಮೇಲಿದ್ದಾಗ ಬ್ಲಾಕ್‌ಗಿಂತ ಎಷ್ಟು ಹೊರಚಾಚುತ್ತದೆ ಎಂದು ಡಯಲ್ ಗೇಜ್‌ನಿಂದ ಎಲ್ಲ ಸಿಲಿಂಡರ್‌ಗಳಲ್ಲೂ ಅಳೆಯಬೇಕು. ಬಹಳ ಡೀಸೆಲ್‌ಗಳಿಗೆ ಹೆಡ್ ಗ್ಯಾಸ್ಕೆಟ್ ಬೇರೆ ಬೇರೆ ದಪ್ಪದಲ್ಲಿ ಬರುತ್ತದೆ, ಅಂಚಿನ ಕಚ್ಚು ಅಥವಾ ತೂತುಗಳ ಸಂಖ್ಯೆ ದಪ್ಪವನ್ನು ಹೇಳುತ್ತದೆ. ಪಿಸ್ಟನ್ ಅಥವಾ ರಾಡ್ ಬದಲಿಸಿ ಹಳೇ ದಪ್ಪದ್ದನ್ನೇ ಹಾಕಿದರೆ ಪಿಸ್ಟನ್ ಹೆಡ್‌ಗೆ ತಾಗಬಹುದು.

ಮೊದಲ ಸ್ಟಾರ್ಟ್ ಹೇಗೆ?

ಸಂಪ್ ಕೂರಿಸುವಾಗ ಸೀಲಂಟ್ ಸುಮಾರು 3 ಮಿ.ಮೀ. ಎಳೆ ಸಾಕು. ಹೆಚ್ಚಾದದ್ದು ಒಳಗೆ ಉದುರಿ ಸ್ಟ್ರೇನರ್ ಕಟ್ಟುತ್ತದೆ. ಸ್ಟ್ರೇನರ್‌ನ ಓ-ರಿಂಗ್ ಹೊಸದು ಹಾಕಿ, ಹಳೆಯದು ಗಾಳಿ ಎಳೆದರೆ ಆಯಿಲ್ ಒತ್ತಡ ಏಳುವುದಿಲ್ಲ. ಹೊಸ ಫಿಲ್ಟರ್, ಹೊಸ ಆಯಿಲ್ ಹಾಕಿ, ಇಂಧನ ಮತ್ತು ಇಗ್ನಿಷನ್ ಕಡಿದು, ಸ್ಟಾರ್ಟರನ್ನು ಹತ್ತು ಹತ್ತು ಸೆಕೆಂಡು ತಿರುಗಿಸಿ ಆಯಿಲ್ ದೀಪ ಆರುವವರೆಗೆ ಕಾಯಿರಿ. ಆಮೇಲೆ ಸ್ಟಾರ್ಟ್ ಮಾಡಿ, ಸೋರಿಕೆ, ಕೂಲೆಂಟ್, ಸದ್ದು ಗಮನಿಸಿ.

ಹೊಸ ರಿಂಗ್ ಕೂರುವ ತನಕ ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡಬೇಡಿ. ರಿಂಗನ್ನು ಬೋರ್‌ಗೆ ಒತ್ತಿ ಹಿಡಿಯುವುದು ಅದರ ಹಿಂದೆ ನುಗ್ಗುವ ಅನಿಲದ ಒತ್ತಡ, ಐಡಲ್‌ನಲ್ಲಿ ಅದು ಬಹಳ ಕಡಿಮೆ. ಎಂಜಿನ್ ಬಿಸಿಯಾದ ಮೇಲೆ ಖಾಲಿ ರಸ್ತೆಯಲ್ಲಿ ಮೂರನೇ ಅಥವಾ ನಾಲ್ಕನೇ ಗೇರ್‌ನಲ್ಲಿ ಅರ್ಧ ಥ್ರಾಟಲ್ ಕೊಟ್ಟು ವೇಗ ಏರಿಸಿ, ಆಕ್ಸಿಲರೇಟರ್ ಬಿಟ್ಟು ಇಳಿಸಿ, ಹೀಗೆ ಹತ್ತಾರು ಸಲ ಮಾಡಿ. ಮೊದಲ 1000 ಕಿ.ಮೀ. ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸುವುದು, ಭಾರ ಎಳೆಸುವುದು ಬೇಡ. ಆಯಿಲ್ ಮಟ್ಟವನ್ನು ದಿನಾ ನೋಡಿ. 500ರಿಂದ 1000 ಕಿ.ಮೀ. ಒಳಗೆ ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹಳೇ ಫಿಲ್ಟರನ್ನು ಕತ್ತರಿಸಿ ಕಾಗದದ ಮಡಿಕೆಗಳನ್ನು ಬಿಡಿಸಿ ನೋಡಿ. ನುಣ್ಣನೆಯ ಬೂದು ಪುಡಿ ತುಸು ಇರುವುದು ಮಾಮೂಲು. ಹೊಳೆಯುವ ಚಕ್ಕೆಗಳು, ತಾಮ್ರದ ಬಣ್ಣದ ಚೂರು ಕಂಡರೆ ಕಾರು ಓಡಿಸುವುದನ್ನು ನಿಲ್ಲಿಸಿ ಸಂಪ್ ಇಳಿಸಿ, ಬೇರಿಂಗ್‌ಗಳನ್ನು ನೋಡಿ.